ಯಿಡ್ಡಿಷ್ ಪುಸ್ತಕ ಜಾರಿ ಬಿದ್ದಾಗ

ಡರ್ಹಮ್‌ನ ಲೈಬ್ರರಿಗೆ ತಮ್ಮನ ಮಗಳು, ಆರು ವರ್ಷದ ಅನ್ವಿ, ಕತೆ ಕೇಳಲು ನನ್ನನ್ನೂ ಎಳೆದೊಯ್ದಿದ್ದಳು. ಎಂಬತ್ತು ದಾಟಿದ ಯಹೂದಿ ಅಜ್ಜಿಯೊಬ್ಬರು ತಮ್ಮ ತಾಯಿಯ ಕಾಲದ ಪುಸ್ತಕದಿಂದ, ಮದುವೆಗೆ ಹೊರಟ ಮೇಕೆಯ ಕತೆ ಓದುತ್ತಿದ್ದರು. ಒಂದು ಸಾಲು ಅವರ ಮನೆಮಾತಾದ ಯಿಡ್ಡಿಷ್, ಹಿಂದೆಯೇ ಅದರ ಇಂಗ್ಲಿಷ್. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಪುಸ್ತಕ ಅಜ್ಜಿಯ ಮಡಿಲಿಂದ ಜಾರಿ ಅನ್ವಿಯ ಪಾದದ ಮೇಲೆ ಬಿತ್ತು. ಅವಳು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು. ಈ ಪರದೇಶದಲ್ಲೇ ಹುಟ್ಟಿದ ಹುಡುಗಿಗೆ ಇದೆಲ್ಲಿ ಬರಬೇಕು ಎಂದುಕೊಂಡಿದ್ದವಳು ನಾನು.

ಅಜ್ಜಿ ಅವಳನ್ನೇ ನೋಡಿದರು. "ಯಾಕಮ್ಮ ಹಾಗೆ ಮಾಡಿದೆ?"

ಅನ್ವಿ ನನ್ನ ಕಡೆ ತಿರುಗಿದಳು. "ಅತ್ತೆ, ಬುಕ್‌ಗೆ ಕಾಲು ಟಚ್ ಆಯ್ತು. ನೀವೇ ಹೇಳಿ."

ನಾನು ಹೇಳಿದೆ. ಅಜ್ಜಿ ಅನ್ವಿಯ ಕೈಯಿಂದ ಪುಸ್ತಕ ತೆಗೆದುಕೊಂಡರು.

"ಪ್ರಾರ್ಥನೆಯ ಪುಸ್ತಕ ಬಿದ್ದರೆ ನಾವು ಎತ್ತಿ ಮುತ್ತಿಡುತ್ತೇವೆ. ಇದು ಬರೀ ಮೇಕೆಯ ಕತೆ. ಆದರೂ ಅಮ್ಮ ಇದಕ್ಕೂ ಮುತ್ತಿಡುತ್ತಿದ್ದಳು. ನಾನು ನಗುತ್ತಿದ್ದೆ."

ಹಾಗೆಂದು ಹರಿದ ರಟ್ಟಿಗೆ ತುಟಿಯೊತ್ತಿದರು.

ಮುಂದಿನ ಪುಟವನ್ನು ಪೂರ್ತಿ ಯಿಡ್ಡಿಷ್‌ನಲ್ಲೇ ಓದಿದರು. ಇಂಗ್ಲಿಷ್ ಹೇಳುವುದು ಅವರಿಗೆ ಮರೆತೇ ಹೋಗಿತ್ತು. ಒಂದು ಮಗುವೂ ಅರ್ಥ ಕೇಳಲಿಲ್ಲ.