ಷಡ್ಡಕನ ಕಾರ್ಡು

ಷಡ್ಡಕನ ಸ್ಕೂಟರ್ ಕಂಡು ಹೊಟ್ಟೆ ಉರಿದುಕೊಂಡವರನ್ನು ನೋಡಿದ್ದೇನೆ, ತಾರಸಿ ಮನೆ ಕಂಡು ನಿದ್ದೆಗೆಟ್ಟವರನ್ನೂ ನೋಡಿದ್ದೇನೆ. ನಮ್ಮ ಮುನಿಕೃಷ್ಣನಿಗೆ ಮಾತ್ರ ಷಡ್ಡಕನ ಇಎಸ್‌ಐ ಕಾರ್ಡಿನ ಮೇಲೆ ಹೊಟ್ಟೆಕಿಚ್ಚು. ದೊಡ್ಡಬಳ್ಳಾಪುರದಲ್ಲಿ ಅವನೂ ನಾನೂ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ಸೀರೆ ನೇಯುತ್ತಿದ್ದೆವು, ಹಾಗಾಗಿ ಆ ಕಿಚ್ಚಿನ ಬಿಸಿ ನನಗೂ ತಟ್ಟುತ್ತಿತ್ತು.

ಷಡ್ಡಕ ವೇಣುಗೋಪಾಲ್ ಹೊಸಕೋಟೆಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಅವನ ಹೆಂಡತಿ ಗಂಗಲಕ್ಷ್ಮಮ್ಮ, ಮುನಿಕೃಷ್ಣನ ಹೆಂಡತಿ ಅಮ್ಮಯಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ತೊಂಬತ್ತೆರಡರಲ್ಲಿ ಅಕ್ಕತಂಗಿಯರಿಬ್ಬರಿಗೂ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅವರ ತಾಯಿಗೂ ಇತ್ತಂತೆ. ತಂಗಿ ಗಂಡನ ಕಾರ್ಡಿನ ಮೇಲೆ ಇಎಸ್‌ಐ ಆಸ್ಪತ್ರೆ ಸೇರಿ, ಕಾಸು ಖರ್ಚಿಲ್ಲದೆ ಆಪರೇಷನ್ ಮಾಡಿಸಿಕೊಂಡು, ಹಾಲು ಬ್ರೆಡ್ಡು ತಿಂದು ಮನೆಗೆ ಬಂದಳು. ಅಕ್ಕ ಕತ್ತಿಗೆ ಸೆರಗು ಸುತ್ತಿಕೊಂಡು, ಲಾಳಿಗೆ ಹಾಕುವ ನೂಲು ಸುತ್ತುತ್ತಾ ಕೂತಳು.

ನಾದಿನಿಯನ್ನು ನೋಡಿಕೊಂಡು ಬಂದ ಮುನಿಕೃಷ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಕತ್ತಿನ ಮೇಲೆ ಸಣ್ಣ ಗೆರೆ ಐತೆ ಕಣೋ, ಅಷ್ಟೆ. ಆ ಗೆರೆ ನೋಡಿ ಹೊಟ್ಟೆ ಉರಿದೋಯ್ತು," ಅಂದ.

ನಿಮಗ್ಯಾಕೆ ಕಾರ್ಡಿರಲಿಲ್ಲ ಎಂದು ನೀವು ಕೇಳಬಹುದು. ಕರೆಂಟಿನಲ್ಲಿ ನಡೆಯುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾಲೀಕ ಕಾರ್ಡು ಮಾಡಿಸಲೇಬೇಕಿತ್ತು. ನಮ್ಮ ಮಾಲೀಕ ಆದಿನಾರಾಯಣಪ್ಪ ಮಹಾ ಬುದ್ಧಿವಂತ. ಹಿಂದಿನ ವರ್ಷವೇ ಶೆಡ್ಡಿನ ನಡುವೆ ಗೋಡೆ ಎತ್ತಿಸಿ, ಒಂದು ಶೆಡ್ಡನ್ನು ಎರಡು ಮಾಡಿದ್ದ, ಲೆಕ್ಕಕ್ಕೆ ಎರಡರಲ್ಲೂ ಹತ್ತಕ್ಕಿಂತ ಕಮ್ಮಿ ಜನ. ಆಚೆ ಕಡೆಯದನ್ನು ಮುನಿಕೃಷ್ಣನ ಹೆಸರಿಗೆ ಮಾಡಿಸಿ, ಬಾಗಿಲಿಗೆ 'ಮುನಿಕೃಷ್ಣ ಟೆಕ್ಸ್‌ಟೈಲ್ಸ್' ಅಂತ ಬೋರ್ಡನ್ನೂ ಹಾಕಿಸಿದ. ಮಗ್ಗ ಅವನವೇ, ಕೂಲಿ ಹಳೆಯದೇ, ಹೆಸರು ಮಾತ್ರ ಇವನದು. ಷಡ್ಡಕನ ಮುಂದೆ ಮೀಸೆ ತಿರುವಬೇಕಿತ್ತಲ್ಲ, ನಮ್ಮವನು ಹಿಂದೆಮುಂದೆ ನೋಡದೆ ಸಹಿ ಹಾಕಿಬಿಟ್ಟ. ವೇಣುಗೋಪಾಲನನ್ನು ಕರೆಸಿ, ಅದೇ ಬೋರ್ಡಿನ ಕೆಳಗೆ ನಿಲ್ಲಿಸಿ ಕಾಫಿ ಕುಡಿಸಿದ.

ಬರಬರುತ್ತಾ ಅಮ್ಮಯಮ್ಮನ ದನಿ ಕಟ್ಟತೊಡಗಿತು. ಎಂಥ ದನಿ ಅದು! ಇಡೀ ಶೆಡ್ಡು ಬಡಿದುಕೊಳ್ಳುತ್ತಿದ್ದರೂ, ಊಟಕ್ಕೆ ಬನ್ನಿ ಅಂತ ಬೀದಿಯಿಂದ ಕೂಗಿದರೆ ನಮಗೆ ಒಳಗೆ ಕೇಳಿಸುತ್ತಿತ್ತು. ಒಂದು ದಿನ ಇಎಸ್‌ಐ ಇನ್‌ಸ್ಪೆಕ್ಟರ್ ಬಂದಾಗ ಮುನಿಕೃಷ್ಣ ಓಡಿಹೋಗಿ ಕೈಮುಗಿದ.

"ಸಾರ್, ನನ್ ಹೆಂಡ್ತಿ ದನಿ ಹೋಗ್ತಾ ಐತೆ. ನಮ್ಗೂ ಒಂದು ಕಾರ್ಡ್ ಮಾಡ್ಕೊಡಿ."

ಅವರು ಬೋರ್ಡಿನ ಕಡೆ ಕತ್ತೆತ್ತಿ ನೋಡಿದರು. "ನೀವೇ ಮಾಲೀಕರಲ್ವೇನ್ರೀ? ಮಾಲೀಕರಿಗೆ ಕಾರ್ಡ್ ಬರಲ್ಲ."

ಪಕ್ಕದಲ್ಲೇ ನಿಂತಿದ್ದ ಆದಿನಾರಾಯಣಪ್ಪ ಹೌದೌದು ಎಂದು ತಲೆಯಾಡಿಸಿದ. ನಿಜ ಹೇಳಿದರೆ ಕೂಲಿಗೂ ಕುತ್ತು, ಮುನಿಕೃಷ್ಣ ತಲೆ ತಗ್ಗಿಸಿ ಒಳಗೆ ಬಂದ. ನನಗೆ ಮೈಯೆಲ್ಲಾ ಉರಿಯಿತು. ಗಡ್ಡೆಯೇನು ಗಂಡನಿಗೆ ಎಲ್ಲಿ ಕೆಲಸ ಎಂದು ವಿಚಾರಿಸಿಕೊಂಡು ಬರುತ್ತದೆಯೇ? ಮತ್ತೆ ಆಸ್ಪತ್ರೆಯವರು ಮಾತ್ರ ಯಾಕೆ ವಿಚಾರಿಸಬೇಕು? ಕಾಯಿಲೆ ಬಿದ್ದವರಿಗೆಲ್ಲ ಒಂದೇ ಬಾಗಿಲು ಇದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಕೊನೆಗೆ ಬೆಂಗಳೂರಿನ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಇವತ್ತು ನಾಳೆ ಎಂದು ಅಲೆದು, ಹಾಸಿಗೆ ಸಿಗುವ ಹೊತ್ತಿಗೆ ವರ್ಷ ಕಳೆದಿತ್ತು. ಗಡ್ಡೆ ಹೋಯಿತು. ದನಿ ಬರಲಿಲ್ಲ. ದನಿಯ ನರ ಆಗಲೇ ಕೆಟ್ಟಿತ್ತು, ಬೇಗ ಬರಬೇಕಿತ್ತು ಎಂದರು ಡಾಕ್ಟರು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಬೀದಿಗೆ ಬೀದಿಯೇ ತಣ್ಣಗಿರುತ್ತದೆ. ಅಂಥದೊಂದು ಮಧ್ಯಾಹ್ನ ನಾವಿಬ್ಬರೂ ಜಗಲಿ ಮೇಲೆ ಕೂತಿದ್ದಾಗ ಗಂಗಲಕ್ಷ್ಮಮ್ಮ ಅಕ್ಕನನ್ನು ನೋಡಲು ಬಂದಳು. ಬೀದಿಯ ಆ ತುದಿಯಿಂದಲೇ "ಅಕ್ಕಾ! ಅಕ್ಕಯ್ಯಾ!" ಎಂದು ಕೂಗಿದಳು. ಅಮ್ಮಯಮ್ಮ ನಗುತ್ತಾ ಹೊರಗೆ ಓಡಿಬಂದು ಏನೋ ಅಂದಳು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಕೇಳಿದ್ಯೇನೋ?" ಅಂದ ಮುನಿಕೃಷ್ಣ. "ನನ್ನವಳ್ ದನೀನೂ ಥೇಟ್ ಹಿಂಗೇ ಇತ್ತು."

ಎದ್ದು ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆಲ್ಲ ಅವನೊಬ್ಬನ ಮಗ್ಗ ಓಡುವ ಸದ್ದು ಬೀದಿಯನ್ನೆಲ್ಲಾ ತುಂಬಿ, ನಾದಿನಿಯ ದನಿಯನ್ನೂ ಮುಳುಗಿಸಿತು. ನಾದಿನಿ ಊರಿಗೆ ಹೊರಡುವವರೆಗೂ ಅವನು ಅದನ್ನು ನಿಲ್ಲಿಸಲಿಲ್ಲ.