ಮಂಚದಡಿಗೆ ಬಂದ ಟ್ರಂಕು

ಧಡ್, ಕರ್‌ರ್, ಧಡ್! ಮೇ ತಿಂಗಳ ಕೊನೆಗೆ ದಾದರಿನ ನಮ್ಮ ಬಿಲ್ಡಿಂಗಿನ ಮರದ ಮೆಟ್ಟಿಲಲ್ಲಿ ಈ ಸದ್ದು ಕೇಳಿಸಿತೆಂದರೆ, ಕಾನ್ವೆಂಟಿನ ಸಿಸ್ಟರ್ ‘ಮಾನ್ಸೂನ್’ ಪಾಠ ತೆಗೆಯುವ ಮೊದಲೇ ನನಗೆ ಮಳೆಗಾಲದ ಸುದ್ದಿ ಮುಟ್ಟುತ್ತಿತ್ತು. ಅದು ನಮ್ಮ ಅಂಗಳ ಗುಡಿಸುವ ಯಲ್ಲವ್ವನ ತಗಡಿನ ಟ್ರಂಕು, ಎರಡನೆಯ ಮಾಳಿಗೆಗೆ ಮಳೆರಜೆ ಕಳೆಯಲು ಬರುತ್ತಿದ್ದ ಸದ್ದು.

ಯಲ್ಲವ್ವ ವಿಜಾಪುರದ ಕಡೆಯವಳು. ಗಂಡನಿಗೆ ಧಾರಾವಿಯಲ್ಲಿ ತೊಗಲು ಹದಮಾಡುವ ಕೆಲಸ. ಗುಡಿಸಲು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನಲ್ಲಿ. ಸಮುದ್ರ ಉಬ್ಬಿದ ಹೊತ್ತಿಗೇ ಮಳೆಯೂ ಸುರಿದರೆ ನೀರು ಹೇಳದೆ ಕೇಳದೆ ಒಳಗೆ. ಹಾಗಾಗಿ ಮದುವೆಯ ಸೀರೆ, ರೇಷನ್ ಕಾರ್ಡು ಎಲ್ಲ ನಮ್ಮ ಮಂಚದಡಿಗೆ. ಅಮ್ಮ ಮಾತ್ರ ಹೊಸ್ತಿಲಲ್ಲೇ ಚೊಂಬಿನ ನೀರು ಚಿಮುಕಿಸಿ ಅದನ್ನು ಶುದ್ಧ ಮಾಡುತ್ತಿದ್ದಳು. ನೀರಿಗೆ ಹೆದರಿ ಬಂದ ಟ್ರಂಕಿಗೆ ನೀರಿನದೇ ಸ್ವಾಗತ!

“ನೀನೂ ಇಲ್ಲೇ ಇರಬಾರದಾ?” ಎಂದು ನಾನೊಮ್ಮೆ ಕೇಳಿದೆ.

“ಪೆಟ್ಟಿಗೀಗೆ ಜಾತಿ ಇಲ್ಲ ಬೇಬಿ, ನಮಗೈತಿ,” ಎಂದು ನಕ್ಕಳು.

ಮಳೆ ಎಲ್ಲರ ಮೇಲೂ ಈಕ್ವಲಾಗಿ ಬೀಳುತ್ತದೆಂದು ಸಿಸ್ಟರ್ ಹೇಳುತ್ತಿದ್ದರು. ಇರಬಹುದು ಗೆಳೆಯರೇ, ಆದರೆ ನೆಲ ಹಂಚಿದ್ದು ಮೋಡವಲ್ಲವಲ್ಲ! ಅದೇ ಮೋಡ ನಮಗೆ ಹಪ್ಪಳ ಕರಿಯುವ ನೆಪ, ಅವಳಿಗೆ ಒಲೆಯೇ ತೇಲುವ ದಿನ.

ಒಂದು ಜುಲೈಯಲ್ಲಿ ಅವಳು ಸೊಂಟದವರೆಗೆ ಒದ್ದೆಯಾಗಿ ಕೆಲಸಕ್ಕೆ ಬಂದಳು. ಅಮ್ಮನಿಗೆ ಏನನ್ನಿಸಿತೋ, “ಮಕ್ಕಳನ್ನಾದರೂ ಇಲ್ಲಿಗೆ ಕಳಿಸು ಮಾರಾಯ್ತಿ,” ಎಂದುಬಿಟ್ಟಳು. ಮಧ್ಯಾಹ್ನಕ್ಕೆ ಬಾಗಿಲಲ್ಲಿ ಯಲ್ಲವ್ವ, ಅವಳ ಹಿಂದೆ ಏಳು ಮಕ್ಕಳು!

“ನಿನಗಿರುವುದು ಎರಡಲ್ಲವಾ?”

“ಮಕ್ಕಳನ್ನ ಕಳಸು ಅಂದ್ರೆಲ್ರೀ ಬಾಯಾರ. ಓಣ್ಯಾಗಿನವು ಮಕ್ಕಳಲ್ಲೇನ್ರೀ?”

ಅಮ್ಮನ ಕೈಯಲ್ಲಿ ಚೊಂಬು ಸಿದ್ಧವಾಗಿತ್ತು. ಏಳೂ ತಲೆಗಳಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಚೊಂಬು ನೋಡಿದಳು, ಮಕ್ಕಳನ್ನು ನೋಡಿದಳು, ಕಡೆಗೆ ಪಕ್ಕನೆ ನಕ್ಕು ಒಳಗೆ ಹೋಗಿ ಆ ನೀರನ್ನು ಗಂಜಿಯ ಪಾತ್ರೆಗೇ ಸುರಿದಳು. ನಾಲ್ಕು ದಿನ ನಮ್ಮ ಮನೆ ಶುದ್ಧ ಸರ್ಕಸ್ಸು; ನನ್ನ ಲೂಡೋ ಬೋರ್ಡಿನಲ್ಲಿ ನಾನೊಬ್ಬಳೇ ಸೋತವಳು.

ನೀರಿಳಿದ ಮೇಲೆ ಅಪ್ಪಂದಿರು ಬಂದು ಮಕ್ಕಳನ್ನು ಕರೆದೊಯ್ದರು. ಯಲ್ಲವ್ವ ಕುಸಿದ ಗುಡಿಸಲು ಎತ್ತುತ್ತಿದ್ದಾಳೆ, ಸದ್ಯ ಕೆಲಸಕ್ಕೆ ಬರಲಾರಳು ಎಂದರು. ದೀಪಾವಳಿಯ ಮೊದಲೇ ಮುನ್ಸಿಪಾಲಿಟಿಯವರು ಅವರ ಓಣಿಯನ್ನು ಕಿತ್ತು ಇನ್ನೂ ತಗ್ಗಿನ ಜೌಗಿಗೆ ಅಟ್ಟಿದರಂತೆ. ಟ್ರಂಕಿಗೂ ಗಂಡನೇ ಬಂದ. ಹಾಗಾಗಿ ನಾನು ಯಲ್ಲವ್ವನನ್ನು ಕೊನೆಯದಾಗಿ ಕಂಡದ್ದು ಮಕ್ಕಳನ್ನು ಬಿಟ್ಟುಹೋದ ಆ ಮಧ್ಯಾಹ್ನವೇ. “ನೀನೂ ಮೇಲೆ ಬಾರೇ!” ಎಂದು ಅಮ್ಮ ಕಿಟಕಿಯಿಂದ ಕೂಗಿದಳು. “ಓಣ್ಯಾಗ ಮುದುಕ್ಯಾರು ಅದಾರ್ರೀ, ಅವರನ್ನ ಹೊರಬೇಕು!” ಎಂದವಳು ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ನೀರಲ್ಲಿ ನಿಂತುಹೋದ ಟ್ರಾಮನ್ನು ಸುತ್ತುಹಾಕಿ, ನೀರಿದ್ದ ಕಡೆಗೇ ಬಿರಬಿರನೆ ನಡೆದಳು.