ನೋಯದ ಕಾಲಿನ ಪುಣ್ಯ

ಮಜ್ಜಿಗೆಯಲ್ಲಿ ನೆನೆಹಾಕಿ ಒಣಗಿಸಲೆಂದು ಹಸಿಮೆಣಸಿನಕಾಯಿಗಳ ಹೊಟ್ಟೆ ಸೀಳುತ್ತ ಕೂತಿದ್ದಾಗ ತೇನಿ ಪೇಟೆಯ ಲ್ಯಾಬಿನಿಂದ ಫೋನು ಬಂತು. ಖಾರದ ಕೈಯಲ್ಲಿ ಮುಟ್ಟುವಂತಿಲ್ಲ. ನಮ್ಮ ಯಜಮಾನರೇ ಕಿವಿಗೆ ಹಿಡಿದರು. ರಕ್ತದಲ್ಲಿ ಸಕ್ಕರೆ ಬಹಳ ಏರಿದೆ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದಳು ಅಲ್ಲಿಯ ಹುಡುಗಿ. ಮೊರದ ತುಂಬ ಕಾಯಿ ಹಾಗೇ ಬಿಟ್ಟು ಎದ್ದೆ.

ಒಪ್ಪಿಕೊಳ್ಳಬೇಕಾದ ಮಾತು ಒಂದಿದೆ. ಈ ಮೂರು ತಿಂಗಳು ನಾನು ಒಂದು ಮೂಲಿಕೆ ಮಾತ್ರೆಯ ನಡೆದಾಡುವ ಜಾಹೀರಾತಾಗಿದ್ದೆ. ನನಗೆ ಅಂಗಾಲು ಜೋಮು ಹಿಡಿಯುತ್ತಿತ್ತು, ಬಚ್ಚಲ ಕಡೆ ಓಡಾಟವೂ ವಿಪರೀತವಾಗಿತ್ತು. ದಿಂಡಿಗಲ್ಲಿನಲ್ಲಿರುವ ನನ್ನ ವಾರಗಿತ್ತಿ ಒಂದು ಡಬ್ಬಿ ತಂದುಕೊಟ್ಟಳು. ನರಕ್ಕೆ ಬಲ, ಮೂತ್ರಕ್ಕೆ ಹಿಡಿತ ಎಂದು ಅದರ ಮೇಲೆ ಬರೆದಿತ್ತು. ನಾನದನ್ನು ದೇವರ ಗೂಡಿನಲ್ಲಿ, ವಿಭೂತಿ ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ತಪ್ಪು ಶುರುವಾದದ್ದು ಅಲ್ಲೇ ಇರಬೇಕು.

ಅದೇ ವಾರ ಪಳನಿಯ ಮುರುಗನಿಗೆಂದು ಮಾಲೆ ಹಾಕಿಕೊಂಡೆ. ಒಂದು ಮಂಡಲದ ವ್ರತ: ಒಂದೇ ಹೊತ್ತು ಊಟ, ದಿನಕ್ಕೆ ಐದು ಲೋಟ ಕುಡಿಯುತ್ತಿದ್ದ ಕರುಪ್ಪಟ್ಟಿ ಎಂಬ ತಾಳೆಬೆಲ್ಲದ ಕಾಪಿ ಪೂರ್ತಿ ಬಂದ್. ಹತ್ತೇ ದಿನದಲ್ಲಿ ಬಚ್ಚಲಿನ ಓಟ ಅರ್ಧಕ್ಕಿಳಿಯಿತು. ಆಹಾ, ಎಂಥ ಮಾತ್ರೆ ಎಂದು ಬೀದಿಗೆಲ್ಲ ಹೇಳಿದೆ.

ಆಮೇಲೆ ಪಳನಿಗೆ ಬರಿಗಾಲಿನ ನಡಿಗೆ. ಬಿಸಿಲಿಗೆ ಟಾರು ಕಾದು ಎಲ್ಲರೂ ರಸ್ತೆಯಂಚಿನ ಹುಲ್ಲು ಹುಡುಕಿಕೊಂಡು ಕುಣಿಯುತ್ತಿದ್ದರೆ ನಾನು ನಡುರಸ್ತೆಯಲ್ಲಿ ಮಹಾರಾಣಿಯ ಹಾಗೆ ಹೋಗುತ್ತಿದ್ದೆ. "ನಿಂಗೆ ಸುಡಾದೇ ಇಲ್ವಾ ಅಕ್ಕ?" ಎಂದು ಜೊತೆಗೆ ಬಂದಿದ್ದ ವಾರಗಿತ್ತಿ ಬೆರಗಾದಳು. "ಮುರುಗ ಎತ್ಕಂಡು ಹೋಯ್ತಾವ್ನೆ ಕಣಮ್ಮಿ, ಜೊತೇಗೆ ನೀ ಕೊಟ್ಟ ಮದ್ದು" ಎಂದೆ. ಇಬ್ಬರು ಹೆಂಗಸರು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಬೇಡವೆನ್ನಲಿಲ್ಲ.

ಮನೆಗೆ ಬಂದು ಮಾಲೆ ಬಿಚ್ಚಿದೆ, ಕಾಪಿ ಹಿಡಿದೆ. ಮಾತ್ರೆ ತಪ್ಪದಿದ್ದರೂ ಓಟ ಹಳೆಯ ಲೆಕ್ಕಕ್ಕೇ ಬಂತು. ಆಮೇಲೆ ತರಿಸಿದ ಈ ಹೊಸ ಡಬ್ಬಿ ಸಪ್ಪೆ ಎಂದು ಗೊಣಗಿದ್ದಕ್ಕೆ ಯಜಮಾನರು, "ನೀ ಬುಟ್ಟದ್ದು ಕಾಪಿ, ಹೆಸರು ಬಂದದ್ದು ಡಬ್ಬೀಗೆ" ಎಂದು ಪೇಪರಿನ ಹಿಂದೆ ನಕ್ಕರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ಕಾಲು ಚಾಚಿ ಕೂತಿದ್ದಾಗ ಅವರೇ ನನ್ನ ಅಂಗಾಲಿನಿಂದ ಒಂದು ಜಾಲಿಮುಳ್ಳು ಕಿತ್ತರು. ಸುತ್ತ ಕೀವಾಗಿತ್ತು. ಅದು ಎಂದು ಹೊಕ್ಕಿತೋ, ಮುರುಗನಾಣೆ, ನನಗೆ ಗೊತ್ತಿಲ್ಲ. ಮರುದಿನವೇ ಅವರು ನನ್ನನ್ನು ಲ್ಯಾಬಿಗೆ ಕರೆದೊಯ್ದರು.

ಡಾಕ್ಟರಮ್ಮ ಕಾಲನ್ನು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿದರು. ಈ ಜೋಮೂ ಆ ಓಟವೂ ಸಕ್ಕರೆಯ ಕೆಲಸವೇ ಇರಬೇಕು. ಆ ಮೂಲಿಕೆ ನರ ಸರಿಮಾಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಸದ್ಯಕ್ಕೆ ನಿಲ್ಲಿಸಿ, ಡಬ್ಬಿ ತಂದು ತೋರಿಸಿ ಎಂದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಾಲೇ ಉಳಿಯುತ್ತಿತ್ತೋ ಇಲ್ಲವೋ ಎಂದರು. ಆಗ ಹೊಳೆಯಿತು: ನಾನು ಕೃಪೆ ಎಂದು ಮೆರೆದದ್ದು ಕಾಲು ಮೂಕಾದದ್ದನ್ನು. ನಿಜವಾದ ಕೃಪೆ ಮುಳ್ಳಿನ ರೂಪದಲ್ಲಿ ಬಂದಿತ್ತು.

ಬರುವ ವರ್ಷವೂ ಪಳನಿಗೆ ಹೋಗುತ್ತೇನೆ, ಮೆತ್ತನೆ ಚಪ್ಪಲಿ ಹಾಕಿಕೊಂಡೇ. ನವಿಲೇರಿ ತಿರುಗುವ ದೇವರು ನನ್ನ ಚಪ್ಪಲಿಗೆ ಆಕ್ಷೇಪ ಮಾಡಲಾರ. ವಾರಗಿತ್ತಿಗೂ ಫೋನು ಮಾಡಿ, "ಮದ್ದು ಆಮೇಲೆ ನುಂಗೀವಂತೆ, ಮೊದ್ಲು ರಕ್ತ ತೋರ್ಸು" ಎಂದೆ. ಗೂಡಿನಲ್ಲಿ ಈಗ ವಿಭೂತಿ ಬಟ್ಟಲೊಂದೇ ಇದೆ.

ಸಂಜೆ ಮತ್ತೆ ಮೊರದ ಮುಂದೆ ಕೂತೆ. ನಾಲ್ಕು ಕಾಯಿ ಸೀಳುವಷ್ಟರಲ್ಲಿ ಬೆರಳುಗಳು ಧಗಧಗ ಉರಿದವು. ಯಾವಾಗಲೂ ಬೈದುಕೊಳ್ಳುವವಳು ಇವತ್ತು ಹತ್ತು ಬೆರಳನ್ನೂ ಒಂದೊಂದಾಗಿ ನೋಡಿದೆ. ಎಲ್ಲವೂ ಉರಿಯುತ್ತಿದ್ದವು. ಮುರುಗನಿಗೆ ಕೈಮುಗಿದು ಐದನೆಯ ಕಾಯಿ ಎತ್ತಿಕೊಂಡೆ.